ಮಳವಳ್ಳಿಯ ಸುಲ್ತಾನಿ ತೋಟ ಕಲಿಸುವ ಪಾಠ

ಸಸಿ ನೆಡುವುದು ಪುಣ್ಯಕಾರ್ಯವೆಂಬುದನ್ನು ನಾವೆಲ್ಲರೂ ಬಲ್ಲೆವು. ಒಬ್ಬ ವಿಶ್ವಾಸಿ ನೆಟ್ಟ ಗಿಡದ ಫಲವನ್ನು ಮನುಷ್ಯನಾಗಲಿ, ಪಶುಪಕ್ಷಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ಆದರೆ ಫಲ ದೊರೆಯಬೇಕಾದರೆ ಗಿಡ ಬದುಕಬೇಕು. ಬದುಕಬೇಕಾದರೆ ಅದು ಆ ನೆಲಕ್ಕೂ ಹವೆಗೂ ಒಗ್ಗಬೇಕು. ಈ ವಿವೇಕಕ್ಕೆ ನಮ್ಮ ಹಲಗೂರು ಸೀಮೆಯ ಇತಿಹಾಸದಲ್ಲಿಯೇ ನಿದರ್ಶನವಿದೆ.

ಹೈದರಲಿಯವರು ಮಳವಳ್ಳಿಯನ್ನು ತಮ್ಮ ಮಗ ಟಿಪ್ಪುವಿಗೆ ಜಹಗೀರಾಗಿ ನೀಡಿದ್ದರು. ಅಲ್ಲಿಯ ಕೆರೆಯ ಬಳಿ ವಿಶಾಲವಾದ ಹಣ್ಣಿನ ತೋಟವೊಂದು ಬೆಳೆಯಿತು. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯಲ್ಲಿ ಸುಲ್ತಾನರ ಸೇನೆಗೂ ಇಂಗ್ಲಿಷರಿಗೂ ಕಾಳಗ ನಡೆಯಿತು. ಮರುವರ್ಷ ಈ ಹಾದಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಆ ತೋಟವನ್ನು ಕಂಡು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದನು. ಅಲ್ಲಿ ಮಾವಿನ ಮರಗಳೇ ಹೆಚ್ಚಾಗಿದ್ದವು. ದೂರದೇಶದ ಸಸಿಗಳನ್ನು ತರಿಸಬಲ್ಲ ಅರಸನ ತೋಟದಲ್ಲಿಯೂ ಈ ನೆಲದ ಮಾವಿಗೇ ಮೊದಲ ಸ್ಥಾನ ಸಂದಿತ್ತು.

1760ರಲ್ಲಿ ಹೈದರಲಿಯವರು ಆರಂಭಿಸಿದ ಬೆಂಗಳೂರಿನ ಲಾಲ್‌ಬಾಗ್‌ಗೆ ಟಿಪ್ಪು ಸುಲ್ತಾನರು ಹೊರನಾಡುಗಳಿಂದ ಗಿಡಬೀಜಗಳನ್ನು ತರಿಸಿದರು. ಬುಕಾನನ್ ಕಂಡಂತೆ ಅಲ್ಲಿ ಒಂದೊಂದು ಜಾತಿಗೆ ಒಂದೊಂದು ಮಡಿ: ಗುಲಾಬಿಗೆ ಒಂದು, ದಾಳಿಂಬೆಗೆ ಇನ್ನೊಂದು. ಹೀಗೆ ಬೇರೆಬೇರೆಯಾಗಿ ಬೆಳೆಸಿದಾಗ ಯಾವ ಗಿಡ ಇಲ್ಲಿ ಒಗ್ಗುತ್ತದೆ, ಯಾವುದು ಸೊರಗುತ್ತದೆ ಎಂಬುದು ಕಣ್ಣಿಗೆ ಸ್ಪಷ್ಟವಾಗುತ್ತದೆ. ಹೊರಗಿನದೆಲ್ಲವೂ ಬೇಡವೆಂದೇನಲ್ಲ. ಸುಲ್ತಾನರು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿದರು. ಹಿಪ್ಪುನೇರಳೆ ನಮ್ಮ ನೆಲಕ್ಕೆ ಒಗ್ಗಿತು. ಇಂದಿಗೂ ಮಳವಳ್ಳಿ ತಾಲ್ಲೂಕಿನ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ.

ಮದೀನಾದ ರೈತರು ಖರ್ಜೂರದ ಹೂಗಳಿಗೆ ಕೈಯಿಂದ ಪರಾಗ ಕಟ್ಟುತ್ತಿದ್ದರು. ಪ್ರವಾದಿ(ಸ)ರ ಮಾತು ಕೇಳಿ ಅವರು ಅದನ್ನು ಬಿಟ್ಟಾಗ ಆ ವರ್ಷ ಫಲ ಕುಂದಿತು. ಆಗ ಅವರು, ಲೌಕಿಕ ವ್ಯವಹಾರಗಳಲ್ಲಿ ನಿಮ್ಮ ತಿಳಿವಳಿಕೆಯೇ ಹೆಚ್ಚೆಂಬ ಅರ್ಥದ ಮಾತನ್ನಾಡಿದರು. ನೆಲದ ಅನುಭವಕ್ಕೆ ಇದಕ್ಕಿಂತ ಹಿರಿದಾದ ಗೌರವ ಯಾವುದು?

ಹೀಗಿದ್ದೂ ಇಂದು ನಾವು ಮದೀನಾದ ಪ್ರೀತಿಯಿಂದ ಮಸೀದಿಯ ಮುಂದೆ ಖರ್ಜೂರವನ್ನೂ, ಅಂದಕ್ಕಾಗಿ ಹುಲ್ಲುಹಾಸನ್ನೂ ಬೆಳೆಸಲು ಹೊರಡುತ್ತೇವೆ. ಖರ್ಜೂರ ಹಣ್ಣಾಗುವಾಗ ಒಣಹವೆ ಬೇಕು. ಮಳೆ ಬಿದ್ದರೆ ಹಣ್ಣು ಕೆಡುತ್ತದೆ. ಹುಲ್ಲುಹಾಸು ಬೇಸಿಗೆಯಲ್ಲಿ ಕೊಳವೆಬಾವಿಯ ನೀರನ್ನೇ ಕುಡಿಯುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ. ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ನೆರೆಮನೆಯಲ್ಲಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿರುವಾಗ ಅಂಗಳದ ಅಂದಕ್ಕೆ ನೀರು ಹರಿಸುವುದು ಕುರ್‌ಆನ್ ನಿಷೇಧಿಸಿದ ದುಂದುಗಾರಿಕೆಯಲ್ಲವೇ?

ಆದುದರಿಂದ ಅಂಗಳಕ್ಕೆ ದಾಳಿಂಬೆ, ಸೀತಾಫಲ, ನುಗ್ಗೆ, ಗೋರಂಟಿಯನ್ನು ಆರಿಸೋಣ. ಮಸೀದಿ, ಖಬರಸ್ಥಾನಗಳ ಬಯಲಿಗೆ ಬೇವು, ಹೊಂಗೆ, ನೇರಳೆ, ಹುಣಸೆ ಸಾಕು. ಮುಂಗಾರು ಹದವಾದಾಗ ನೆಟ್ಟರೆ ಬೇಸಿಗೆಯೊಳಗೆ ಬೇರು ಆಳಕ್ಕಿಳಿಯುತ್ತದೆ. ವುಝೂ ಮಾಡಿದ ನೀರನ್ನು ಚರಂಡಿಗೆ ಬಿಡದೆ ಬುಡಕ್ಕೆ ತಿರುಗಿಸಿದರೆ ಸಸಿಯ ಮೊದಲೆರಡು ಬೇಸಿಗೆ ಕಳೆಯುತ್ತದೆ. ನೆಡುವ ಮುನ್ನ ಊರಿನ ಹಿರಿಯ ರೈತರನ್ನು, ಅವರು ಯಾವ ಧರ್ಮದವರೇ ಆಗಿರಲಿ, ಒಮ್ಮೆ ಕೇಳೋಣ.

ನಮ್ಮ ನಂತರವೂ ನೆರಳು ನೀಡುವ ಮರವನ್ನು ನೆಡುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.