ವಡೋದರೆಯ ಅಂಗಳವೂ ನಮ್ಮ ಮಕ್ಕಳ ಆಟವೂ

ಮಕ್ಕಳ ಆಟವನ್ನು ಬರಿಯ ಕಾಲಹರಣವೆಂದು ಬಗೆಯುವವರು ನಮ್ಮಲ್ಲಿ ಇನ್ನೂ ಉಂಟು. ‘ಆಡಿದ್ದು ಸಾಕು, ಪುಸ್ತಕ ಹಿಡಿ’ ಎಂಬ ಮಾತು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುವಂಥದೇ. ಆದರೆ ನಾವು ಬಂದು ನೆಲೆಸಿರುವ ಈ ನಗರದ ಹಿಂದಿನ ಕಥೆಯನ್ನು ನೋಡಿದರೆ, ಇಲ್ಲಿನ ಹಿರಿಯರು ಆಟವನ್ನು ಹಗುರವಾಗಿ ಎಣಿಸಲಿಲ್ಲವೆಂದು ತಿಳಿಯುತ್ತದೆ.

ಮೂರನೆಯ ಸಯಾಜಿರಾವ್ ಗಾಯಕವಾಡರು ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು 1893ರಲ್ಲಿ ಅಮ್ರೇಲಿಯಲ್ಲಿ ಮೊದಲು ಪರೀಕ್ಷಿಸಿ, 1906ರಲ್ಲಿ ತಮ್ಮ ಸಂಸ್ಥಾನಕ್ಕೆಲ್ಲ ವಿಸ್ತರಿಸಿದ್ದು ಪ್ರಸಿದ್ಧವಾದ ಸಂಗತಿ. ಅದೇ ಅರಸರ ಕಾಲದಲ್ಲಿ ಇದು ಅಖಾಡಗಳ ಊರೂ ಆಗಿತ್ತು. ಜುಮ್ಮಾದಾದಾ ವ್ಯಾಯಾಮ ಮಂದಿರದಲ್ಲಿ ರಾಜರತ್ನ ಮಾಣಿಕರಾಯರು ತರುಣರನ್ನು ಪಳಗಿಸಿದರು. ನಾವು ಕಬಡ್ಡಿಯೆನ್ನುವ, ಇಲ್ಲಿಯವರು ಹುತುತು ಎನ್ನುತ್ತಿದ್ದ ಆಟಕ್ಕೆ ಆಗ ಊರಿಗೊಂದು ಪದ್ಧತಿ. 1923ರಲ್ಲಿ ಇಲ್ಲಿಯ ಹಿಂದ್ ವಿಜಯ ಜಿಮ್ಖಾನಾ ಅದರ ನಿಯಮಗಳನ್ನು ತಿದ್ದಿ, ಅದೇ ವರ್ಷ ಅಖಿಲ ಭಾರತ ಪಂದ್ಯಾವಳಿಯನ್ನೂ ನಡೆಸಿತು. ಬೀದಿಯ ಆಟ ಹೀಗೆ ದೇಶದ ಆಟವಾಗುವತ್ತ ಹೆಜ್ಜೆಯಿಟ್ಟಿತು.

ಇದು ಬಲಿತವರ ಮಾತಾಯಿತು. ಎಳೆಯರ ಪಾಲನ್ನು ಎತ್ತಿಹಿಡಿದವರು ಭಾವನಗರದ ಗಿಜುಭಾಯಿ ಬಧೇಕಾ. ವಕೀಲಿಯನ್ನು ಬಿಟ್ಟು 1920ರಲ್ಲಿ ಅಲ್ಲಿ ಬಾಲಮಂದಿರವನ್ನು ತೆರೆದ ಅವರು, ಬೆತ್ತದ ಬದಲು ಕಥೆಯನ್ನೂ ಆಟವನ್ನೂ ಶಾಲೆಯೊಳಗೆ ತಂದರು. ಜನರು ಅವರನ್ನು ‘ಮೀಸೆಯುಳ್ಳ ತಾಯಿ’ ಎಂದು ಅಕ್ಕರೆಯಿಂದ ಕರೆದರು.

ಈ ಹಿರಿಯರು ಅನುಭವದಿಂದ ಅರಿತದ್ದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಓಡಿ ಜಿಗಿಯುವುದರಿಂದ ಎಲುಬು ಗಟ್ಟಿಯಾಗುತ್ತದೆ, ಹೃದಯ ಬಲಗೊಳ್ಳುತ್ತದೆ; ಬಯಲ ಬೆಳಕಿನಲ್ಲಿ ಕಳೆದ ಹೊತ್ತು ದೂರದೃಷ್ಟಿ ಮಂದವಾಗದಂತೆ ಕಣ್ಣನ್ನೂ ಕಾಯುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮನಸ್ಸಿಗಾದರೋ, ಸೋಲನ್ನು ನುಂಗಿಕೊಂಡು ಮತ್ತೆ ಸರದಿಗೆ ನಿಲ್ಲುವ ಪಾಠವನ್ನು ಯಾವ ಪುಸ್ತಕ ಕಲಿಸೀತು? ಆಟವು ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಒಡಂಬಡಿಕೆ ಸಾರಿತು. 1992ರಲ್ಲಿ ಭಾರತವೂ ಅದಕ್ಕೆ ಸಮ್ಮತಿಸಿತು.

ಪರಊರಿನಲ್ಲಿರುವ ನಮಗೆ ಆಟದಿಂದ ಇನ್ನೊಂದು ಲಾಭವುಂಟು. ಗುಜರಾತಿ ಬಾರದ ಮಗುವೂ ಲಗೋರಿಯ ಚೆಂಡನ್ನು ಹಿಡಿದೊಡನೆ ಓಣಿಯ ಗುಂಪಿಗೆ ಸೇರಿದಂತೆಯೇ. ನಮ್ಮ ಲಗೋರಿ ಇಲ್ಲಿ ಸತೋಲಿಯು; ನಮ್ಮ ಮರಕೋತಿಯಾಟ ಇಲ್ಲಿ ಆಂಬಲಿ-ಪೀಪಳಿ; ನಮ್ಮ ಬುಗುರಿ ಇಲ್ಲಿ ಭಮರಡೋ. ಹೆಸರು ಬೇರೆ, ಆಟ ಒಂದೇ.

ಇಂದು ಮಂಜಲ್‌ಪುರದಂಥ ಬಡಾವಣೆಗಳಲ್ಲಿ ಅಂಗಳವೆಲ್ಲ ವಾಹನಗಳ ಪಾಲು, ಸಂಜೆ ಪಾಠದ ಪಾಲು, ಉಳಿದದ್ದು ಮೊಬೈಲಿನ ಪಾಲು. ನಮ್ಮ ಮಕ್ಕಳು ಮರಕೋತಿಯಾಡದೆ ಬೆಳೆದರೆ, ದೇಹಬಲದೊಡನೆ ಆ ಮಾತೂ ಅವರ ನಾಲಗೆಯಿಂದ ಜಾರೀತು. ರಾಜ್ಯೋತ್ಸವದ ದಿನ ಹಾಡು, ನೃತ್ಯಗಳ ಜೊತೆಗೆ ಒಂದು ಹೊತ್ತಾದರೂ ಲಗೋರಿ, ಕುಂಟೆಬಿಲ್ಲೆಗಳನ್ನು ಆಡಿಸೋಣ. ನೆರೆಯ ಗುಜರಾತಿ ಮಕ್ಕಳನ್ನೂ ಕರೆಯೋಣ. ಮರುದಿನದಿಂದ ಸಂಜೆಯ ಒಂದು ಗಂಟೆಯನ್ನು ಮಕ್ಕಳಿಗೇ ಬಿಟ್ಟುಕೊಡೋಣ. ಕನ್ನಡ ಉಳಿಯಬೇಕಾದುದು ವೇದಿಕೆಯ ಮೇಲಷ್ಟೇ ಅಲ್ಲ, ಅಂಗಳದಲ್ಲಿಯೂ ಹೌದು.