ಸ್ಟಿಕ್ಕರ್ ಮೇಲಿನ ಅಂಕಿ: ಲ್ಯಾಪ್‌ಟಾಪ್ ಪ್ರೊಸೆಸರ್‌ನ ಸಣ್ಣ ಇತಿಹಾಸ

1/7
ಮನೆಗೆ ಲ್ಯಾಪ್‌ಟಾಪ್ ತಗೊಳ್ಳೋಕೆ ಅಂಗಡಿಗೆ ಹೋದ್ರೆ ಮೊದಲ ಪ್ರಶ್ನೆ ಯಾವುದು ಹೇಳಿ? "ಐ3 ಬೇಕಾ, ಐ5 ಬೇಕಾ?" ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಇರೋದು ಒಂದೇ. ತಂಗಿಯ ಆನ್‌ಲೈನ್ ಕ್ಲಾಸ್, ಅಪ್ಪನ ಲೆಕ್ಕಪತ್ರ, ನಿಮ್ಮ ಪ್ರಾಜೆಕ್ಟ್, ಎಲ್ಲಾ ಅದರಲ್ಲೇ ಆಗ್ಬೇಕು. ಕಂತು ಮುಗಿದ ಮೇಲೂ ಮೂರ್ನಾಲ್ಕು ವರ್ಷ ಬಾಳಿಕೆ ಬರ್ಬೇಕು. ಇವತ್ತಿನ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನ ಬೋರ್ಡಿಗೇ ಬೆಸೆದಿರ್ತಾರೆ, ಆಮೇಲೆ ಬದಲಾಯಿಸೋಕೆ ಆಗಲ್ಲ. ಆಯ್ಕೆಗೆ ಇರೋದು ಒಂದೇ ಅವಕಾಶ. ಅದಕ್ಕೇ ಈ ಸರಣಿ. ಸ್ಟಿಕ್ಕರ್ ಮೇಲಿನ ದೊಡ್ಡ ಅಂಕಿ ಮೂವತ್ತು ವರ್ಷಗಳಿಂದ ನಮಗೆ ಅರ್ಧ ಕಥೆ ಮಾತ್ರ ಹೇಳ್ತಾ ಬಂದಿದೆ. ಉಳಿದರ್ಧ ಇಲ್ಲಿದೆ, ಓದಿ.

2/7
ಮೊದಲು ಪ್ರೊಸೆಸರ್‌ಗಳಿಗೆ ಹೆಸರೇ ಇರಲಿಲ್ಲ, ನಂಬರ್ ಇತ್ತು: 286, 386, 486. ಬೇರೆ ಕಂಪನಿಗಳೂ ತಮ್ಮ ಚಿಪ್ಪಿಗೆ ಅದೇ ನಂಬರ್ ಹಾಕಿದಾಗ ಇಂಟೆಲ್ ಕೋರ್ಟಿಗೆ ಹೋಯ್ತು. 386 ಅನ್ನೋದನ್ನ ಟ್ರೇಡ್‌ಮಾರ್ಕ್ ಅಂತ ಒಪ್ಪೋಕಾಗಲ್ಲ ಅಂತ 1991ರಲ್ಲಿ ಅಮೆರಿಕದ ನ್ಯಾಯಾಲಯ ಹೇಳಿತು. ಅದೇ ವರ್ಷ 'ಇಂಟೆಲ್ ಇನ್‌ಸೈಡ್' ಪ್ರಚಾರ ಶುರುವಾಯ್ತು. 1993ರಲ್ಲಿ ಬಂದ ಹೊಸ ಚಿಪ್ಪಿಗೆ 586 ಅನ್ನೋ ಬದಲು 'ಪೆಂಟಿಯಂ' ಅಂತ ಹೆಸರಿಟ್ಟರು. ಕಂಪ್ಯೂಟರ್ ಒಳಗೆ ಅಡಗಿದ್ದ ಒಂದು ಬಿಡಿಭಾಗ ಹೀಗೆ ಮನೆಮಾತಾಯ್ತು. ಗಮನಿಸಿ, ಆ ಹೆಸರು ಹುಟ್ಟಿದ್ದು ನಮಗೆ ಮಾಹಿತಿ ಕೊಡೋಕಲ್ಲ, ಮಾರಾಟಕ್ಕೆ.

3/7
ಆಮೇಲೆ ಗಿಗಾಹರ್ಟ್ಜ್ ಓಟ. 2000ದ ಮಾರ್ಚ್ 6ರಂದು ಎಎಂಡಿ ಕಂಪನಿಯ ಅಥ್ಲಾನ್ 1 ಗಿಗಾಹರ್ಟ್ಜ್ ಮುಟ್ಟಿತು. ಎರಡೇ ದಿನಕ್ಕೆ ಇಂಟೆಲ್ ಕೂಡ ಮುಟ್ಟಿತು. ಅದೇ ವರ್ಷದ ಕೊನೆಗೆ ಪೆಂಟಿಯಂ 4 ಬಂತು, 1.4 ಮತ್ತು 1.5 ಗಿಗಾಹರ್ಟ್ಜ್.

ಇದರ ಗುಟ್ಟು ಹೀಗಿದೆ. ಮನೆ ಕಟ್ಟೋ ಕಡೆ ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸ್ತಾರಲ್ವಾ? ಹೆಚ್ಚು ಜನ ಒತ್ತೊತ್ತಾಗಿ ನಿಂತರೆ ಒಬ್ಬೊಬ್ಬರ ಕೈ ಬೇಗ ಬೇಗ ಆಡುತ್ತೆ. ಆದ್ರೆ 'ಬೇಕಾಗಿದ್ದು ಈ ಇಟ್ಟಿಗೆ ಅಲ್ಲ' ಅಂತ ಕೊನೆಯಲ್ಲಿ ಗೊತ್ತಾದ್ರೆ, ಸಾಲಿನಲ್ಲಿರೋದನ್ನೆಲ್ಲ ಬಿಸಾಕಿ ಮತ್ತೆ ಮೊದಲಿಂದ ಶುರು. ಪೆಂಟಿಯಂ 3ರಲ್ಲಿ ಈ ಸಾಲು 10 ಹಂತ, ಪೆಂಟಿಯಂ 4ರಲ್ಲಿ 20. ಗಿಗಾಹರ್ಟ್ಜ್ ಏರಿತು, ಕೆಲಸ ಅಷ್ಟೇ ಪ್ರಮಾಣದಲ್ಲಿ ಏರಲಿಲ್ಲ. ಬಿಸಿಯಂತೂ ಚೆನ್ನಾಗೇ ಏರಿತು. 4 ಗಿಗಾಹರ್ಟ್ಜ್ ಪೆಂಟಿಯಂ 4 ತರ್ತೀವಿ ಅಂದಿದ್ದ ಇಂಟೆಲ್ 2004ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

4/7
ಲ್ಯಾಪ್‌ಟಾಪಿಗೆ ಈ ಬಿಸಿ ದೊಡ್ಡ ತಲೆನೋವು. ತೊಡೆ ಸುಡುತ್ತೆ, ಬ್ಯಾಟರಿ ಬೇಗ ಖಾಲಿ. ಇದಕ್ಕೆ ಉತ್ತರ ಬಂದಿದ್ದು ಇಸ್ರೇಲ್‌ನ ಹೈಫಾದಲ್ಲಿದ್ದ ಇಂಟೆಲ್ ತಂಡದಿಂದ. 2003ರ ಮಾರ್ಚ್‌ನಲ್ಲಿ ಅವರ ಪೆಂಟಿಯಂ ಎಂ ಬಂತು, ಲ್ಯಾಪ್‌ಟಾಪಿಗೆ ಅಂತಲೇ ಮಾಡಿದ ಚಿಪ್. ಇದ್ದದ್ದು 1.6 ಗಿಗಾಹರ್ಟ್ಜ್, ಆದ್ರೆ ಅದಕ್ಕಿಂತ ಎಷ್ಟೋ ಹೆಚ್ಚು ಗಿಗಾಹರ್ಟ್ಜ್ ಇದ್ದ ಪೆಂಟಿಯಂ 4 ಲ್ಯಾಪ್‌ಟಾಪ್‌ಗಳ ಸರಿಸಮಕ್ಕೆ ಕೆಲಸ ಮಾಡ್ತಿತ್ತು, ಅದೂ ಕಡಿಮೆ ಕರೆಂಟಿನಲ್ಲಿ. ಆದ್ರೆ 'ಕಡಿಮೆ ಗಿಗಾಹರ್ಟ್ಜ್, ಆದರೂ ಒಳ್ಳೇದು' ಅಂತ ಜನಕ್ಕೆ ಹೇಗೆ ಒಪ್ಪಿಸೋದು? ಚಿಪ್, ಚಿಪ್‌ಸೆಟ್, ವೈಫೈ ಮೂರನ್ನೂ ಸೇರಿಸಿ 'ಸೆಂಟ್ರಿನೋ' ಅನ್ನೋ ಒಂದೇ ಸ್ಟಿಕ್ಕರ್ ಅಂಟಿಸಿದರು. ಅಂಕಿ ಹಿಂದೆ ಹೋಯ್ತು, ಹೆಸರು ಮುಂದೆ ಬಂತು.

5/7
ಮುಂದಿನ ಅಂಕಿ ಕೋರ್. ಮದುವೆ ಊಟದ ಪಂಕ್ತಿಗೆ ಒಬ್ಬನೇ ಓಡಾಡಿ ಬಡಿಸೋದಕ್ಕಿಂತ ನಾಲ್ಕು ಜನ ಬಡಿಸಿದ್ರೆ ಬೇಗ ಆಗುತ್ತಲ್ಲ, ಅದೇ ಲೆಕ್ಕ. 2006ರಲ್ಲಿ 2 ಕೋರಿನ ಕೋರ್ ಡ್ಯುಯೋ ಲ್ಯಾಪ್‌ಟಾಪಿಗೆ ಬಂತು. 2008ರಲ್ಲಿ ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸ ಮಾಡಿದ 6 ಕೋರಿನ ಝಿಯಾನ್ 7400 ಹೊರಬಂತು. ಅದು ಸರ್ವರ್‌ಗಳಿಗೆ, ಮನೆಗಲ್ಲ. ಆದ್ರೂ ನಮ್ಮೂರಿನ ಕೆಲಸ, ನೆನಪಿರಲಿ.

2008ರಿಂದ 2010ರ ಒಳಗೆ ಐ7, ಐ5, ಐ3 ಬಂದವು. ಗೊಂದಲ ಶುರುವಾಗಿದ್ದೇ ಇಲ್ಲಿ. 2016ರ ಐ7-7500ಯು ಹೆಸರಿಗೆ ಐ7, ಇದ್ದದ್ದು 2 ಕೋರ್. ಮರುವರ್ಷದ ಐ5-8250ಯುನಲ್ಲಿ 4 ಕೋರ್! ಮೂಲ ವೇಗ ನೋಡಿದ್ರೆ ಐ7ಗೆ 2.7 ಗಿಗಾಹರ್ಟ್ಜ್, ಐ5ಗೆ ಬರೀ 1.6. ಹೆಸರಲ್ಲೂ ಅಂಕಿಯಲ್ಲೂ ಹಳೇದೇ ದೊಡ್ಡದು. ಆದ್ರೆ ಹತ್ತಾರು ಟ್ಯಾಬ್, ವಿಡಿಯೋ ಕಾಲ್, ಫೈಲು ಎಲ್ಲಾ ಒಟ್ಟಿಗೆ ತೆರೆದಾಗ ಮುಂದೆ ಇದ್ದದ್ದು ಹೊಸ ಐ5. ಅದೇ 2017ರಲ್ಲಿ ಎಎಂಡಿಯ ರೈಜನ್ ಕೂಡ ಮಾರುಕಟ್ಟೆಗೆ ಬಂದು ಪೈಪೋಟಿ ಬಿಸಿಯೇರಿತ್ತು.

6/7
ಹಾಗಾದ್ರೆ ಕೋರ್ ಎಣಿಸಿದ್ರೆ ಸಾಕಾ? ಅದೂ ಸಾಲದು. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ ಎಂ1 ಚಿಪ್ ತಂದಿತು. ಅದರಲ್ಲಿ 8 ಕೋರ್: 4 ವೇಗಕ್ಕೆ, 4 ಕರೆಂಟ್ ಉಳಿತಾಯಕ್ಕೆ. ಆ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ. 2022ರ ಹೊತ್ತಿಗೆ ಇಂಟೆಲ್‌ನ 12ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಲ್ಲೂ ದೊಡ್ಡ ಕೋರ್, ಸಣ್ಣ ಕೋರ್ ಅಂತ ಎರಡು ಬಗೆ ಬಂದವು. ಈಗ '10 ಕೋರ್' ಅಂದ್ರೆ ಅದರಲ್ಲಿ ದೊಡ್ಡವು ಎಷ್ಟು ಅಂತಲೂ ಕೇಳ್ಬೇಕು.

ರೈಜನ್ ಕಡೆಯೂ ಹೀಗೇ. ರೈಜನ್ 5 7520ಯು, ರೈಜನ್ 5 7530ಯು, ವ್ಯತ್ಯಾಸ ಒಂದೇ ಅಂಕಿ. ಮೊದಲನೆಯದು 4 ಕೋರ್, 2019ರ ಝೆನ್ 2 ವಿನ್ಯಾಸ. ಎರಡನೆಯದು 6 ಕೋರ್, 2020ರ ಝೆನ್ 3. ಸ್ಟಿಕ್ಕರ್ ಮೇಲೆ ಎರಡಕ್ಕೂ 'ರೈಜನ್ 5' ಅಂತಲೇ ಇರುತ್ತೆ.

7/7
ಇಷ್ಟು ಓದಿದ ಮೇಲೆ ಅಂಗಡಿಯಲ್ಲಿ ಏನು ಮಾಡ್ಬೇಕು?

• 'ಐ5' ಅಂದ್ರೆ ನಿಲ್ಲಿಸಬೇಡಿ. ಪೂರ್ತಿ ಮಾಡೆಲ್ ನಂಬರ್ ಬರೆಸಿಕೊಳ್ಳಿ.
• ಆ ನಂಬರನ್ನ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಯಾವ ವರ್ಷದ್ದು, ಎಷ್ಟು ಕೋರ್, ಎಷ್ಟು ವ್ಯಾಟ್, ಎಲ್ಲಾ ಸಿಗುತ್ತೆ.
• ನಂಬರಿನ ಕೊನೆಯ ಅಕ್ಷರ ನೋಡಿ. ಯು ಇದ್ರೆ ಕಡಿಮೆ ಕರೆಂಟಿನದು, ಮನೆ ಬಳಕೆಗೆ ಧಾರಾಳ ಸಾಕು. ಎಚ್ ಇದ್ರೆ ಗೇಮ್, ವಿಡಿಯೋ ಎಡಿಟಿಂಗ್‌ನಂಥ ಭಾರದ ಕೆಲಸಕ್ಕೆ. ಬಿಸಿಯೂ ಜಾಸ್ತಿ, ಬ್ಯಾಟರಿಯೂ ಬೇಗ ಇಳಿಯುತ್ತೆ.
• ಗಿಗಾಹರ್ಟ್ಜ್ ಹೋಲಿಸೋದಾದ್ರೆ ಒಂದೇ ತಲೆಮಾರಿನ ಚಿಪ್‌ಗಳ ನಡುವೆ ಮಾತ್ರ.
• ಐ5 ಬದಲು ಐ7 ತಗೊಳ್ಳೋ ದುಡ್ಡಲ್ಲಿ 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಸಿಗೋದಾದ್ರೆ ಮನೆಗೆ ಅದೇ ಲಾಭ.

286ರಿಂದ ಇವತ್ತಿನವರೆಗೆ ಸ್ಟಿಕ್ಕರ್ ಎಷ್ಟೋ ಸಲ ಬದಲಾಗಿದೆ. ದುಡ್ಡು ಕೊಡೋರು ಮಾತ್ರ ನಮ್ಮ ಅಪ್ಪ ಅಮ್ಮನೇ. ಅವರ ದುಡ್ಡಿಗೆ ಹತ್ತು ನಿಮಿಷದ ಹುಡುಕಾಟ ದೊಡ್ಡದೇನಲ್ಲ ಅಲ್ವಾ?

ಲ್ಯಾಪ್‌ಟಾಪ್ ತಗೊಳ್ಳೋ ಯೋಚನೆಯಲ್ಲಿರೋ ಗೆಳೆಯರಿಗೆ ಇದನ್ನ ಕಳಿಸಿ. ನೀವು ನೋಡಿಟ್ಟಿರೋ ಮಾಡೆಲ್ ನಂಬರ್ ಕೆಳಗೆ ಬರೀರಿ, ಒಟ್ಟಿಗೆ ಬಿಡಿಸಿ ನೋಡೋಣ.

#ಕನ್ನಡದಲ್ಲಿ_ತಂತ್ರಜ್ಞಾನ #ಲ್ಯಾಪ್‌ಟಾಪ್ #ಪ್ರೊಸೆಸರ್_ಇತಿಹಾಸ