ಗೋದೌಲಿಯಾದವರೆಗಿನ ಸವಾರಿ

ಕಾಶಿಯ ಗೋದೌಲಿಯಾ ಇಂದು ಜನದಟ್ಟಣೆಯ ಒಂದು ವೃತ್ತ. ಹಿಂದೆ ಅದು ನೀರಿನ ದಾರಿ. ಗೋದಾವರಿ ಎಂಬ ಹೆಸರಿನ ಸಣ್ಣ ತೊರೆಯೊಂದು ಇಲ್ಲಿ ಹರಿದು ದಶಾಶ್ವಮೇಧದ ಬಳಿ ಗಂಗೆಯನ್ನು ಸೇರುತ್ತಿತ್ತು. ಬ್ರಿಟಿಷರ ಕಾಲದಲ್ಲಿ ಅದನ್ನು ಮುಚ್ಚಿ ರಸ್ತೆ ಮಾಡಿದರು. ತೊರೆ ಹೋಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಸವೆದು ಗೋದೌಲಿಯಾ ಎಂದು ಉಳಿಯಿತು. ದಕ್ಷಿಣದಿಂದ ಹೊರಟ ಯಾತ್ರಿಕನು ನಿಜವಾದ ಗೋದಾವರಿಯನ್ನು ದಾಟಿ, ವಿಂಧ್ಯವನ್ನು ದಾಟಿ, ಕೊನೆಗೆ ಇನ್ನೊಂದು ಗೋದಾವರಿಯ ಮೇಲೆ ಬಂದು ನಿಲ್ಲುತ್ತಾನೆ.

ನಿಲ್ಲಲೇಬೇಕು. ಎಷ್ಟೇ ಬೆಲೆಯ ವಾಹನವಾದರೂ ಇಲ್ಲಿಂದಾಚೆಗೆ ಗಲ್ಲಿಗಳೊಳಗೆ ಹೋಗಲಾರದು. ಕನ್ನಡಿಗರಿಗೆ ಈ ವೃತ್ತ ಅಪರಿಚಿತವಲ್ಲ. ವೀರಶೈವ ಪಂಚಪೀಠಗಳಲ್ಲೊಂದಾದ ಕಾಶಿಯ ಜ್ಞಾನಸಿಂಹಾಸನ ಪೀಠ, ಅಂದರೆ ಜಂಗಮವಾಡಿ ಮಠ, ಇರುವುದು ಇಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ. ಮೊಗಲ್ ದೊರೆಗಳ ದಾನಪತ್ರಗಳನ್ನು ಕಾಪಾಡಿಕೊಂಡು ಬಂದ ಮಠವದು. ನಮ್ಮವರು ಅಲ್ಲಿಗೆ ಶತಮಾನಗಳಿಂದ ಹೋಗುತ್ತಿದ್ದಾರೆ. ಯಾವ ವಾಹನದಲ್ಲಿ ಹೋದರು, ಎಷ್ಟು ಸುಖವಾಗಿ ಹೋದರು ಎಂಬ ಪ್ರಶ್ನೆಯನ್ನು ಮಾತ್ರ ನಮ್ಮ ಚರಿತ್ರಕಾರರು ಅಷ್ಟಾಗಿ ಕೇಳಿಲ್ಲ.

ಬಹುಪಾಲು ಜನ ಕಾಲ್ನಡಿಗೆಯಲ್ಲೇ ಹೋದರು. ಅನುಕೂಲಸ್ಥರಿಗಿದ್ದದ್ದು ಪಲ್ಲಕ್ಕಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರ ಮೇ ತಿಂಗಳಲ್ಲಿ ಕಾಶಿಗೆ ಹೊರಟಾಗ ಕುಟುಂಬದವರೂ ಸೇರಿ ಸುಮಾರು ನೂರು ಮಂದಿಯ ಪರಿವಾರ ಜೊತೆಗಿತ್ತು. ಹೈದರಾಬಾದ್, ನಾಗಪುರ, ಜಬಲ್ಪುರಗಳ ಮೂಲಕ ಸಾಗಿ, ಕಾಶಿ ಗಯೆಗಳನ್ನು ಮುಗಿಸಿ ಅವರು ಊರು ಸೇರಿದ್ದು 1831ರ ಸೆಪ್ಟೆಂಬರಿನಲ್ಲಿ. ಹದಿನೈದು ತಿಂಗಳ ಆ ಪ್ರಯಾಣದ ವಿವರವೇ ತೆಲುಗಿನ ‘ಕಾಶೀಯಾತ್ರಾ ಚರಿತ್ರ’. ಅದನ್ನು ಭಕ್ತಿಗಾಗಿ ಓದುವವರು ಓದಲಿ. ದಾರಿಯ ಸ್ಥಿತಿಗತಿಗಾಗಿ ಓದುವವನಿಗೂ ಅದು ಬಲು ಉಪಯುಕ್ತವಾದ ಗ್ರಂಥ.

ಪಲ್ಲಕ್ಕಿಯನ್ನು ನಾವು ಇಂದು ದೇವರ ಉತ್ಸವದ ಅಲಂಕಾರವೆಂದೇ ಬಗೆಯುತ್ತೇವೆ. ಆದರೆ ರಸ್ತೆಯಿಲ್ಲದ ನಾಡಿಗೆ ಹೇಳಿ ಮಾಡಿಸಿದ ವಾಹನವದು. ಚಕ್ರವಿಲ್ಲವಾದ್ದರಿಂದ ಕೆಸರಿನಲ್ಲಿ ಹೂತುಕೊಳ್ಳುವ ಭಯವಿಲ್ಲ. ಹಳ್ಳದ ನೀರು ಹೊರುವವರ ಎದೆಮಟ್ಟಕ್ಕೆ ಬಂದರೂ ಒಳಗಿನ ಹಾಸಿಗೆ ಒಣಗಿಯೇ ಇರಬಹುದು. ದೂರ ಪ್ರಯಾಣದ ಮೇನೆಯಲ್ಲಿ ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ, ಪಕ್ಕಕ್ಕೆ ಸರಿಯುವ ಬಾಗಿಲು, ತಲೆದಿಂಬು, ನೀರಿನ ಹೂಜಿ. ನಾಲ್ವರು ಹೊತ್ತು ನಡೆದರೆ ಇನ್ನು ನಾಲ್ವರು ಸರದಿಗಾಗಿ ಪಕ್ಕದಲ್ಲೇ ಬರುತ್ತಿದ್ದರು. ರಾತ್ರಿಯಾದರೆ ಮುಂದೊಬ್ಬ ಪಂಜಿನವನು. ವೇಗ ಗಂಟೆಗೆ ಮೂರೋ ನಾಲ್ಕೋ ಮೈಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಅದನ್ನು ನೆಲದ ಮೇಲೆ ಇಳಿಸುತ್ತಿದ್ದರು. ಮಂಡಿನೋವಿನ ಮುದುಕಿಯೂ ಮೆಟ್ಟಿಲು ಹತ್ತದೆ ಒಳಗೆ ಕೂರಬಹುದಿತ್ತು. ಈ ಸುಖವೆಲ್ಲ ಬೋಯಿಗಳ ಹೆಗಲಿನ ಮೇಲೆ ನಿಂತದ್ದು. ಆ ಹೆಗಲುಗಳು ತಮ್ಮ ಯಾತ್ರೆಯ ಚರಿತ್ರೆಯನ್ನು ಬರೆದಿಡಲಿಲ್ಲ.

ರಸ್ತೆ ಬಂದಿತು, ಪಲ್ಲಕ್ಕಿ ಹೋಯಿತು. 1862ರ ವೇಳೆಗೆ ರೈಲು ಕಾಶಿಯ ಎದುರು ದಡವನ್ನು ಮುಟ್ಟಿತು. 1887ರಲ್ಲಿ ಡಫರಿನ್ ಸೇತುವೆ ತೆರೆದ ಮೇಲೆ ಗಂಗೆಯನ್ನೂ ದಾಟಿತು. ಮುಂದೆ ಬೆಂಗಳೂರಿನವರಿಗೆ ಇನ್ನೊಂದು ಭಾಗ್ಯವೂ ಒದಗಿತು. ಕಾಶಿಯಿಂದ ಕನ್ಯಾಕುಮಾರಿಯವರೆಗಿನ ಹಳೆಯ ಏಳನೆಯ ರಾಷ್ಟ್ರೀಯ ಹೆದ್ದಾರಿ, ಸುಮಾರು 2,370 ಕಿಲೋಮೀಟರ್, ಬೆಂಗಳೂರನ್ನು ಹಾದೇ ಹೋಗುತ್ತಿತ್ತು. ಜಬಲ್ಪುರ, ನಾಗಪುರ, ಹೈದರಾಬಾದ್: ವೀರಾಸ್ವಾಮಿಯವರ ಪಲ್ಲಕ್ಕಿ ಹಾದ ಊರುಗಳೇ. ಈಗ ಆ ಸಂಖ್ಯೆ ಬದಲಾಗಿದೆ, ದಾರಿ ಬಹುಮಟ್ಟಿಗೆ ಅದೇ.

ಇಲ್ಲೊಂದು ವಿಚಿತ್ರವಿದೆ. ದಾರಿ ಇಷ್ಟು ನುಣುಪಾದ ಮೇಲೆ ನಾವು ದಾರಿಯಿಲ್ಲದ ಕಡೆಗೆಂದು ನಿರ್ಮಿಸಿದ ವಾಹನಗಳನ್ನು ಕೊಳ್ಳತೊಡಗಿದೆವು. ಈ ವರ್ಗದ ಮೂಲಪುರುಷನಂತಿರುವ ರೇಂಜ್ ರೋವರ್ 1970ರಲ್ಲಿ ಬಂದಾಗ ಅದರ ಒಳನೆಲವನ್ನು ನೀರು ಹಾಯಿಸಿ ತೊಳೆಯಬಹುದಿತ್ತು. ನಾಲ್ಕೂ ಚಕ್ರಗಳಿಗೆ ಸುರುಳಿ ಸ್ಪ್ರಿಂಗ್. ಬಾಗಿಲುಗಳು ಮಾತ್ರ ಎರಡೇ. ಹಿಂದಿನ ಆಸನಕ್ಕೆ ಹೋಗುವವರು ಮುಂದಿನದನ್ನು ಮಡಚಿ ನುಸುಳಬೇಕಾಗಿತ್ತು. ಕಂಪನಿಯೇ ನಾಲ್ಕು ಬಾಗಿಲಿನದನ್ನು ಹೊರತಂದದ್ದು 1981ರಲ್ಲಿ. ಸಂಸಾರವೆಂಬುದೊಂದಿದೆ ಎಂದು ನೆನಪಾಗಲು ಹನ್ನೊಂದು ವರ್ಷ ಬೇಕಾಯಿತು.

ನಮ್ಮಲ್ಲಿ ಈ ಆಸೆಗೆ ರೂಪ ಕೊಟ್ಟದ್ದು ಬಿಡದಿ. ಅಲ್ಲಿನ ಟೊಯೊಟಾ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2009ರಲ್ಲಿ ಫಾರ್ಚೂನರ್ ಹೊರಬಂದವು. ಇನ್ನೋವಾ ತಗ್ಗಾದ, ವಿಶಾಲವಾದ, ವಿನಯದ ವಾಹನ. ಬೆಟ್ಟ ಹತ್ತುವ ಬಿಂಕ ಅದಕ್ಕಿಲ್ಲ. ಫಾರ್ಚೂನರಿನ ಗತ್ತೇ ಬೇರೆ: ಲಾರಿಯಂತೆ ಅಡಿಗಟ್ಟಿನ ಮೇಲೆ ಕೂರಿಸಿದ ಒಡಲು, ಬೇಕೆಂದರೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ, ಎತ್ತರದ ನೆಲ. ಹಳ್ಳ ದಾಟಲು ಕೊಟ್ಟ ಆ ಎತ್ತರವನ್ನು ಪ್ರತಿ ನಿಲುಗಡೆಯಲ್ಲಿಯೂ ಹತ್ತಿ ಇಳಿಯಬೇಕಾದವಳು ಎಪ್ಪತ್ತೈದರ ತಾಯಿ. ಏಳು ಜನರ ವಾಹನವೆಂದು ಹೇಳಿದರೂ ಮೂರನೆಯ ಸಾಲಿನಲ್ಲಿ ಮಂಡಿ ಎದೆಗೆ ತಾಗುತ್ತದೆ. ಆ ಸಾಲನ್ನು ಬಿಚ್ಚಿ ಕೂತರೆ ಯಾತ್ರೆಯ ಗಂಟುಮೂಟೆಗೆ ಜಾಗವಿಲ್ಲ. ಸುಖದ ವಿಷಯದಲ್ಲಿ ನನ್ನ ತೀರ್ಪು ನಿಸ್ಸಂದೇಹವಾಗಿ ಇನ್ನೋವಾದ ಕಡೆಗೆ. ಘನತೆಯ ಲೆಕ್ಕವನ್ನು ಕೊಳ್ಳುವವರು ಬೇರೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ಯಾವುದರಲ್ಲಿ ಬಂದರೂ ಗೋದೌಲಿಯಾದಲ್ಲಿ ಲೆಕ್ಕ ಒಂದಾಗುತ್ತದೆ. ಇಲ್ಲಿ 2021ರಲ್ಲಿ ಬಹುಮಹಡಿ ವಾಹನ ನಿಲುಗಡೆಯೊಂದು ತೆರೆಯಿತು, ಅದು ದ್ವಿಚಕ್ರಗಳಿಗೆ. ಫಾರ್ಚೂನರಿನ ಅಗಲ ಆರು ಅಡಿಗೆ ಮಿಗಿಲು. ಕಾಶಿಯ ಅನೇಕ ಗಲ್ಲಿಗಳಲ್ಲಿ ಎದುರಿನಿಂದ ಗೂಳಿಯೊಂದು ಬಂದರೆ ನಾವೇ ಗೋಡೆಗೆ ಒರಗಬೇಕು. ಹೆಗಲ ಮೇಲಿನ ಸವಾರಿಗೆ ಈ ಗಲ್ಲಿಯೂ ದಾರಿಯೇ ಆಗಿತ್ತು. ಸಾವಿರದ ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರ ತಂಪುಗಾಳಿಯಲ್ಲಿ ಕೂತು ಬಂದ ತಾಯಿಗೆ ನಿಜವಾಗಿ ವಾಹನ ಬೇಕಾಗುವುದು ಈ ಕೊನೆಯ ದೂರಕ್ಕೆ. ಅದು ಬಾರದಿರುವುದೂ ಇದೊಂದಕ್ಕೇ.

2023ರ ಮಾರ್ಚಿನಲ್ಲಿ ಶಂಕುಸ್ಥಾಪನೆಯಾದ ರೋಪ್‌ವೇ ಕ್ಯಾಂಟ್ ರೈಲು ನಿಲ್ದಾಣದಿಂದ ಹೊರಟು, ಊರಿನ ಮೇಲೆ ತೇಲಿ ಬರುವ ಯೋಜನೆ. ಅದರ ಕೊನೆಯ ನಿಲ್ದಾಣವೂ ಗೋದೌಲಿಯಾವೇ. ಅಲ್ಲಿಂದ ಮುಂದಕ್ಕೆ ಗಾಲಿಕುರ್ಚಿ ತಳ್ಳುವವರನ್ನು ಕರೆದು ದರ ಮಾತಾಡಿಕೊಳ್ಳಬೇಕು.